ಮೆಟ್ಟಿಲಕ್ಕನ ಮಂಡಿ

ಅಪ್ಪ ಅಮ್ಮ ಇಟ್ಟ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರಿಗೆಲ್ಲ ಆಕೆ ಮೆಟ್ಟಿಲಕ್ಕ. ನಲವತ್ತಾರು ವರ್ಷ, ಗಟ್ಟಿ ಮೈಕಟ್ಟು, ಕಿವಿಯ ಮೇಲೆ ಸದಾ ಒಂದು ಮೊಂಡು ಪೆನ್ಸಿಲ್. ಮನೆಗೆ, ಅಂಗಡಿಗೆ, ಆಫೀಸಿಗೆ ಮರದ ಮೆಟ್ಟಿಲು ಮಾಡಿಕೊಡುವುದು ಕಸುಬು. ಅಪ್ಪನಿಂದ ಕಲಿತದ್ದು, ಅಪ್ಪನಿಗಿಂತ ಚೆನ್ನಾಗಿ ಕಲಿತದ್ದು. ಹಾಗಂತ ಆಕೆಯೇ ಹೇಳಿಕೊಳ್ಳುತ್ತಿದ್ದಳು, ಕೇಳಿದವರಿಗೂ ಕೇಳದವರಿಗೂ.

ಮೆಟ್ಟಿಲು ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಮೆಟ್ಟಿಲಕ್ಕನ ವಿಶೇಷ ಮಾಡಿದ ಮೇಲೆ ಶುರುವಾಗುತ್ತಿತ್ತು. ಮೆಟ್ಟಿಲು ಜಾಗಕ್ಕೆ ಕೂತ ದಿನ ಬೇರೆ ಯಾರೂ ಅದರ ಮೇಲೆ ಕಾಲಿಡುವಂತಿಲ್ಲ. ಆಕೆ ಚಪ್ಪಲಿ ಬಿಟ್ಟು, ಜುಟ್ಟು ಬಿಗಿದುಕೊಂಡು ತುದಿಗೆ ಹತ್ತುತ್ತಿದ್ದಳು. ಅಲ್ಲಿಂದ ಒಂದೊಂದೇ ಹಲಗೆಯ ಮೇಲೆ ಎರಡೂ ಕಾಲು ಜೋಡಿಸಿ ಧಪ್ ಧಪ್ ಎಂದು ಹಾರುತ್ತ ಕೆಳಗಿನವರೆಗೆ ಬರುತ್ತಿದ್ದಳು. ಎಲ್ಲಾದರೂ ಒಂದು ಕಿರ್ ಎಂದರೆ ಮುಗಿಯಿತು, ಆ ಹಲಗೆ ಹೊರಗೆ. ಮನೆಯವರು ಸಾಮಾನು ಹೇರಿಕೊಂಡು ಬಾಗಿಲಲ್ಲಿ ನಿಂತಿದ್ದರೂ ಸರಿ, ತಲೆ ಮೇಲೆ ತಲೆ ಬಿದ್ದರೂ ಸರಿ, ಅದನ್ನು ಬಿಚ್ಚಿ ಮತ್ತೆ ಕೂರಿಸದೆ ಕೀಲಿ ಕೈ ಕೊಡುತ್ತಿರಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಆಕೆ ಹಾರಿ ನೋಡದ ಮೆಟ್ಟಿಲು ಒಂದೂ ಹೊರಗೆ ಹೋಗಿರಲಿಲ್ಲ.

ಜೊತೆಗೆ ತಮ್ಮ ಇದ್ದ. ಹನ್ನೊಂದು ವರ್ಷ ಚಿಕ್ಕವನು, ಆಳು ದೊಡ್ಡದು, ಮಾತು ಚಿಕ್ಕದು. ಗರಗಸ ಹಿಡಿಯುವುದು, ಹಲಗೆ ನಯ ಮಾಡುವುದು, ಹೊರುವುದು, ಏರಿಸುವುದು ಎಲ್ಲ ಅವನದೇ. ಇಪ್ಪತ್ತು ವರ್ಷದಿಂದ ಅಕ್ಕನ ಪಕ್ಕದಲ್ಲೇ ಇದ್ದ. ಹಾರುವುದೊಂದು ಮಾತ್ರ ಅವನ ಪಾಲಿಗೆ ಬಂದಿರಲಿಲ್ಲ. ಮೊದಮೊದಲು ಎರಡು ಮೂರು ಸಲ ಕೇಳಿದ್ದ.

"ಅಕ್ಕ, ಇವತ್ತು ನಾನು ನೋಡ್ಲಾ?"

"ನಿನ್ನ ಕಾಲಿಗೆ ಕಿವಿ ಇಲ್ಲ, ಸುಮ್ನಿರೋ."

ಆಮೇಲೆ ಅವನು ಕೇಳುವುದನ್ನೇ ಬಿಟ್ಟ. ಅಕ್ಕ ಹಾರುವಾಗ ಕೆಳಗೆ ರೇಲಿಂಗ್ ಹಿಡಿದು ನಿಲ್ಲುತ್ತಿದ್ದ, ಅಷ್ಟೇ.

ಅನಾಹುತ ಆದದ್ದು ಒಬ್ಬ ಹಲ್ಲಿನ ಡಾಕ್ಟರ ಹೊಸ ಕ್ಲಿನಿಕ್ಕಿನಲ್ಲಿ. ಹದಿನೈದು ಮೆಟ್ಟಿಲು, ನಡುವೆ ಒಂದು ತಿರುವು. ತಿರುವಿನ ಹಲಗೆಗಳು ಮೂರು ಮೂಲೆಯವು, ಒಂದು ಕಡೆ ಅಗಲ, ಒಂದು ಕಡೆ ಕಾಲಿಡಲೂ ಜಾಗವಿಲ್ಲ. ಮೆಟ್ಟಿಲಕ್ಕ ಮೇಲಿನಿಂದ ಸಲೀಸಾಗಿ ಹಾರಿಕೊಂಡು ಬಂದಳು. ತಿರುವಿನ ಹಲಗೆಯ ಮೇಲೆ ಕಾಲು ಊರಿತು, ಮೈ ಮಾತ್ರ ಅವಸರ ಮಾಡಿ ಮುಂದಿನ ಮೆಟ್ಟಿಲ ಕಡೆ ತಿರುಗಿತು. ಟಪ್ ಎಂದು ಒಂದು ಸದ್ದು.

ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಕಾಲು ಎನ್ನುತ್ತಿದ್ದರು. ಮೆಟ್ಟಿಲಕ್ಕ ಕೂಗಿದ್ದು ಬೇರೆ.

"ಹಲಗೆ ಸೀಳ್ತು ಕಣೋ!"

ಬಲಗಾಲು ಎಳೆದುಕೊಂಡು ಕೆಳಗಿಳಿದಳು. ಮೆಟ್ಟಿಲ ಅಡಿಗೆ ತೂರಿ, ಉಳಿ ಇಟ್ಟು ಮರದ ಕೊಡತಿಯಲ್ಲಿ ಬಡಿದು ಬೆಣೆ ಬಿಡಿಸಿ, ಆ ಹಲಗೆಯನ್ನು ಹೊರಗೆ ತೆಗೆಸಿದಳು. ಟಾರ್ಚ್ ಹಾಕಿ ನೋಡಿದಳು. ಸೀಳಿದ್ದರೆ ಗೆರೆ ಕಾಣಲಿ ಎಂದು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದಳು. ತಿರುಗಿಸಿ, ಮಗುಚಿ, ಉಗುರಿನಿಂದ ಕೆರೆದು ನೋಡಿದಳು. ಹಲಗೆ ಗುಂಡುಕಲ್ಲಿನ ಹಾಗೆ ಇತ್ತು.

"ಅಕ್ಕ, ಹಲಗೇಲಿ ಏನೂ ಇಲ್ಲ."

"ಕಣ್ಣು ಬಿಟ್ಟು ನೋಡೋ. ನನ್ನ ಕಿವೀಲಿ ಕೇಳಿಸ್ಕೊಂಡಿದೀನಿ."

ತಮ್ಮ ಕಣ್ಣು ಬಿಟ್ಟೇ ನೋಡಿದ, ಆದರೆ ಹಲಗೆಯನ್ನಲ್ಲ.

"ಅಕ್ಕ, ನಿನ್ನ ಮಂಡಿ ನೋಡ್ಕೋ."

ಅರ್ಧ ಗಂಟೆಯಲ್ಲಿ ಮಂಡಿ ಊದಿ ಎಳೆ ಕುಂಬಳಕಾಯಿಯಷ್ಟಾಗಿತ್ತು. ಆಕೆ ಎದ್ದು ನಿಲ್ಲಲು ಹೋದಳು, ಮಂಡಿ ಕೈಕೊಟ್ಟಿತು. ಕೊನೆಗೆ ಅದೇ ಹಲಗೆಯ ಮೇಲೆ ಕೂರಿಸಿ ಹೊತ್ತುಕೊಂಡು ಹೋಗಬೇಕಾಯಿತು. ಹಲಗೆ ಆಗಲೂ ಕಿರ್ ಎನ್ನಲಿಲ್ಲ.

ಮೂಳೆ ಡಾಕ್ಟರು ಸಣಕಲು ಮನುಷ್ಯ, ಮೆಲು ಮಾತು. ಎಂ.ಆರ್.ಐ. ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಮಂಡಿಯ ಒಳಗೆ ನಟ್ಟನಡುವೆ ಹಗ್ಗದಂಥ ಒಂದು ಲಿಗಮೆಂಟ್ ಇರುತ್ತದೆ, ಕಾಲು ತಿರುಗಿದಾಗ ಮೂಳೆ ಮೂಳೆಯ ಮೇಲೆ ಜಾರದ ಹಾಗೆ ಹಿಡಿಯುವುದು ಅದೇ, ಅದು ಪೂರ್ತಿ ಹರಿದಿದೆ ಎಂದರು.

"ತಾನಾಗೇ ಕೂಡ್ಕೊಳಲ್ವಾ?"

"ಹೀಗೆ ಪೂರ್ತಿ ಹರಿದದ್ದನ್ನ ನಂಬಿಕೊಂಡು ಕೂರೋಕಾಗಲ್ಲಮ್ಮ. ಮನೇಲಿ ಓಡಾಡಿಕೊಂಡು ಇರ್ತೀನಿ ಅಂದ್ರೆ ಆಪರೇಷನ್ ಇಲ್ಲದೆಯೂ ನಡೆಯುತ್ತೆ. ಹಾರೋದು, ಭಾರ ಹೊತ್ತು ತಿರುಗೋದು ಬೇಕು ಅಂದ್ರೆ ಹೊಸದು ಕಟ್ಟಬೇಕು."

"ಕಟ್ಟಿದ ಮೇಲೆ ಮೆಟ್ಟಿಲ ಮೇಲೆ ಹಾರಬಹುದಾ?"

ಡಾಕ್ಟರ ಹತ್ತಿರ ಫುಟ್‌ಬಾಲ್ ಆಡುವವರು ಬಂದಿದ್ದರು, ನೃತ್ಯ ಮಾಡುವವರು ಬಂದಿದ್ದರು. ಮೆಟ್ಟಿಲ ಮೇಲೆ ಹಾರಬೇಕು ಎಂದವರು ಯಾರೂ ಬಂದಿರಲಿಲ್ಲ. ಯಾಕೆ, ಏನು ಎಂದು ಪೂರ್ತಿ ಕೇಳಿ ತಿಳಿದುಕೊಂಡು ಹೇಳಿದರು: "ಒಂಬತ್ತು ತಿಂಗಳು ಹೇಳಿದ ಮಾತು ಕೇಳಿದ್ರೆ ಹಾರಬಹುದು."

"ಎರಡು ಹೆತ್ತಿದೀನಿ ಡಾಕ್ಟ್ರೇ. ಒಂಬತ್ತು ತಿಂಗಳು ನನಗೇನು ಹೊಸದಲ್ಲ."

ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ಮಾತ್ರ ಆಕೆಯ ಮುಖ ಇಳಿಯಿತು. ನೋವಿಗೆ ಆಕೆ ಹೆದರುವವಳಲ್ಲ. ಒಂಬತ್ತು ತಿಂಗಳಲ್ಲಿ ನಾಲ್ಕೋ ಐದೋ ಮೆಟ್ಟಿಲು ಮುಗಿದು ಹೊರಗೆ ಹೋಗುತ್ತವೆ. ಅವುಗಳ ಮೇಲೆ ಹಾರುವವರು ಯಾರು? ಹಾರಿ ನೋಡದೆ ಕೊಡುವುದಾದರೆ ತಾನು ಮೆಟ್ಟಿಲಕ್ಕ ಹೇಗೆ? ಹೆಸರು ಕಳೆದುಕೊಳ್ಳುವ ಭಯ ಆಕೆಗೆ ಅವತ್ತು ಮೊದಲ ಸಲ ಆಯಿತು.

ಊತ ಇಳಿದು ಮಂಡಿ ಮಡಚಲು ಬಂದ ಮೇಲೆ, ಆರನೆಯ ವಾರ ಆಪರೇಷನ್. ಸೊಂಟದಿಂದ ಕೆಳಕ್ಕೆ ಮಾತ್ರ ಮರಗಟ್ಟಿಸಿದ್ದರು, ಮೇಲಿನ ಅರ್ಧ ಪೂರ್ತಿ ಎಚ್ಚರವಾಗಿತ್ತು. ಅದು ಡಾಕ್ಟರ ಗ್ರಹಚಾರ. ತೊಡೆಯ ಹಿಂದಿನಿಂದ ಒಂದು ನಾರು ತೆಗೆದು, ಅದನ್ನು ಮಡಚಿ ಹೆಣೆದು ಹೊಸ ಲಿಗಮೆಂಟ್ ಮಾಡುತ್ತಾರೆ. ಹೆಣೆದದ್ದನ್ನು ತೂತುಗಳಿರುವ ಒಂದು ಪಟ್ಟಿಯಲ್ಲಿ ತೂರಿಸಿ ದಪ್ಪ ನೋಡುತ್ತಾರೆ. ಅಡ್ಡ ಕಟ್ಟಿದ್ದ ಹಸಿರು ಬಟ್ಟೆಯ ಆಚೆಯಿಂದ "ಎಂಟು" ಎಂದು ಡಾಕ್ಟರು ಹೇಳಿದ್ದು ಕೇಳಿಸಿತು.

"ಎಂಟು ಎಂ.ಎಂ.ಗೆ ಎಂಟರದೇ ಡ್ರಿಲ್ ಬಿಟ್ ಹಾಕ್ತೀರಾ ಡಾಕ್ಟ್ರೇ?"

ಡಾಕ್ಟರು ಬಟ್ಟೆಯ ಮೇಲಿಂದ ಇಣುಕಿದರು.

"ಹೂಂ ಅಮ್ಮ, ಎಂಟರದೇ."

"ಒಳ್ಳೇದು. ಮೊದಲು ಕೂರೋದನ್ನ ಅಳೆದು ಆಮೇಲೆ ತೂತು ಕೊರೆಯೋರು ಕೆಲಸ ಬಲ್ಲೋರು."

ಡ್ರಿಲ್ ಸದ್ದು ಶುರುವಾಯಿತು. ತನ್ನದೇ ಮೂಳೆ ಕೊರೆಯುವ ಸದ್ದನ್ನು ಕೇಳಿ ಆಕೆಗೆ ಹೆದರಿಕೆ ಆಗಲಿಲ್ಲ, ಒಳ್ಳೆ ಗಟ್ಟಿ ಮರ ಎಂದು ಹೆಮ್ಮೆಯೇ ಆಯಿತು. ಮೇಲಿನ ಮೂಳೆಗೆ ಅಂಗಿಯ ಗುಂಡಿಯಂಥ ಒಂದು ಪುಟ್ಟ ಬಿಲ್ಲೆ, ಕೆಳಗಿನ ಮೂಳೆಗೆ ಒಂದು ಸ್ಕ್ರೂ ಹಾಕಿ ನಾರನ್ನು ಬಿಗಿದರು. ಸ್ಕ್ರೂ ತಲೆ ಮೇಲಕ್ಕೆ ಎದ್ದಿಲ್ಲ ತಾನೆ ಎಂದು ಕೇಳಿದ್ದಕ್ಕೆ ಡಾಕ್ಟರು, ಇದಕ್ಕೆ ತಲೆಯೇ ಇಲ್ಲ ಎಂದರು. ತಲೆಯಿಲ್ಲದ ಸ್ಕ್ರೂವಿನ ಬಗ್ಗೆ ಆಕೆ ಮಾತು ಮುಂದುವರಿಸುವಷ್ಟರಲ್ಲಿ ನರ್ಸ್ ಕಿವಿಗೆ ಹಾಡಿನ ಹೆಡ್‌ಫೋನ್ ಹಾಕಿಬಿಟ್ಟಳು.

ಆಮೇಲೆ ಶುರುವಾಯಿತು ಫಿಸಿಯೊ ಹುಡುಗಿಯ ರಾಜ್ಯಭಾರ. ಇಪ್ಪತ್ತೈದು ದಾಟದ ಮುಖ, ಹೆಡ್‌ಮಾಸ್ತರರ ಗಂಟಲು. ಕಾಲು ಚಾಚಿ ಬಿಗಿಹಿಡಿಯುವುದು, ಮಡಚುವುದು, ಎತ್ತುವುದು, ದಿನಕ್ಕೆ ಮೂರು ಹೊತ್ತು. ಊರುಗೋಲು ಬಿಡುವ ಮೊದಲು ಮೆಟ್ಟಿಲು ಹತ್ತಿಳಿಯುವುದನ್ನು ಕಲಿಸಬೇಕಾಗಿತ್ತು. ಅಭ್ಯಾಸಕ್ಕೆಂದು ಕೋಣೆಯ ಮೂಲೆಯಲ್ಲಿ ನಾಲ್ಕು ಮರದ ಮೆಟ್ಟಿಲು ಇದ್ದವು.

"ನೋಡಿ ಅಕ್ಕ, ಹತ್ತುವಾಗ ಒಳ್ಳೆ ಕಾಲು ಮೊದಲು. ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು."

"ಏನಮ್ಮಾ, ಮೆಟ್ಟಿಲು ಹತ್ತೋದನ್ನ ನನಗೆ ಹೇಳ್ಕೊಡ್ತೀಯಾ?"

ಮೂಗು ಮುರಿಯುತ್ತಲೇ ಹತ್ತಿದಳು. ಮೂರನೆಯದಕ್ಕೆ ಬಂದು ನಿಂತುಬಿಟ್ಟಳು. ನೋವಾಯಿತೇನೋ ಎಂದು ಹುಡುಗಿ ಓಡಿ ಬಂದಳು.

"ನೋವಿಲ್ಲ. ಈ ಮೆಟ್ಟಿಲು ಉಳಿದವಕ್ಕಿಂತ ಅರ್ಧ ಬೆರಳು ಎತ್ತರ ಇದೆ. ಯಾವನಮ್ಮ ಮಾಡಿದ್ದು? ಕಾಲು ಮುರಿದೋರು ಇಲ್ಲಿ ಹತ್ತಿದ್ರೆ ಇನ್ನೊಂದನ್ನೂ ಮುರ್ಕೋತಾರೆ."

ಅಳತೆ ಪಟ್ಟಿ ಹಿಡಿದು ನೋಡಿದರೆ ಅರ್ಧ ಬೆರಳೇ. ಮರುದಿನ ತಮ್ಮ ಸಾಮಾನು ಚೀಲ ತಂದು ಅದನ್ನು ಬಿಚ್ಚಿ ಸರಿಮಾಡಿ ಹೋದ. ಅವತ್ತಿನಿಂದ ಹುಡುಗಿ ಆಕೆಗೆ ಸ್ವಲ್ಪ ಮರ್ಯಾದೆ ಕೊಟ್ಟಳು. ವ್ಯಾಯಾಮದಲ್ಲಿ ಮಾತ್ರ ಎಳ್ಳಷ್ಟೂ ರಿಯಾಯಿತಿ ಕೊಡಲಿಲ್ಲ. ಸಂಜೆ ಫೋನ್ ಮಾಡಿ ಬೇರೆ ಕೇಳುತ್ತಿದ್ದಳು, ಇವತ್ತಿನದು ಆಯ್ತಾ ಎಂದು.

ಮೂರನೆಯ ತಿಂಗಳಿಗೆ ಮೆಟ್ಟಿಲಕ್ಕ ಕುಂಟುವುದನ್ನು ಮರೆತಳು. ಶೆಡ್ಡಿಗೆ ಹೋಗಿ ಎತ್ತರದ ಸ್ಟೂಲಿನ ಮೇಲೆ ಕೂತು ಕೆಲಸ ಮಾಡತೊಡಗಿದಳು. ಹಾರುವ ಮಾತು ತೆಗೆದಾಗ ಫಿಸಿಯೊ ಹುಡುಗಿ ಪೆನ್ನು ಕೆಳಗಿಟ್ಟು ಎದುರಿಗೆ ಕೂತಳು.

"ಅಕ್ಕ, ಒಳಗೆ ಹಾಕಿರೋ ನಾರು ಇನ್ನೂ ನಿಮ್ಮದಾಗಿಲ್ಲ. ಮೊದಲು ಅದು ಮೆತ್ತಗಾಗುತ್ತೆ. ಆಮೇಲೆ ರಕ್ತನಾಳ ಬೆಳೆದು, ನಿಧಾನಕ್ಕೆ ಗಟ್ಟಿಯಾಗುತ್ತೆ. ನಿಮಗೆ ಎಲ್ಲ ಸರಿಹೋಯ್ತು ಅನ್ನಿಸುತ್ತಲ್ಲ, ಅದು ಇನ್ನೂ ಗಟ್ಟಿಯಾಗದೇ ಇರೋದು ಆಗಲೇ. ಈಗ ಒಂದು ಸಲ ತಪ್ಪಿ ಹಾರಿದ್ರೂ ಮತ್ತೆ ಮೊದಲಿಂದ."

ಆಕೆಗೆ ಶೆಡ್ಡಿನ ಅಂಟು ನೆನಪಾಯಿತು. ಅಂಟು ಹಾಕಿದ ಹಲಗೆಗಳನ್ನು ಕ್ಲಾಂಪಿನಲ್ಲಿ ಬಿಗಿದು ರಾತ್ರಿ ಕಳೆಯುವವರೆಗೆ ಮುಟ್ಟಬಾರದು. ಬೆರಳಿಗೆ ಒಣಗಿದ ಹಾಗೆ ಸಿಗುತ್ತದೆ, ಒಳಗೆ ಹಸಿ ಇರುತ್ತದೆ. ಆತುರಪಟ್ಟು ಕ್ಲಾಂಪು ಬಿಚ್ಚಲು ಹೋದ ತಮ್ಮನ ಕೈಮೇಲೆ ಆಕೆ ಎಷ್ಟು ಸಲ ಹೊಡೆದಿದ್ದಳೋ ಲೆಕ್ಕವಿಲ್ಲ. ಹುಡುಗಿ ಹೇಳಿದ್ದು ಆಕೆಗೆ ಚೆನ್ನಾಗಿಯೇ ಅರ್ಥವಾಯಿತು, ಹಿಡಿಸಲಿಲ್ಲ ಅಷ್ಟೇ.

ಮಂಡಿ ಹೋದ ಮೇಲೆ ಬಂದ ಕೆಲಸವನ್ನೆಲ್ಲ ಆಕೆ ಮುಂದಕ್ಕೆ ಹಾಕಿದ್ದಳು. ಸಂಗೀತ ಶಾಲೆಯ ಕೆಲಸ ಬಂದಾಗ ಹಾಗೆ ಮಾಡಲು ಆಗಲಿಲ್ಲ. ಶಾಲೆ ನಡೆಸುವ ಮೇಡಂ ಮೇಲಿನ ಮಹಡಿಯಲ್ಲಿ ಹೊಸ ತರಗತಿ ತೆರೆಯುವವರಿದ್ದರು. ನೇರವಾದ ಹದಿಮೂರು ಮೆಟ್ಟಿಲು. ಅದರ ಮೇಲೆ ದಿನಾ ನಲವತ್ತು ಮಕ್ಕಳು ಹತ್ತಬೇಕು, ಮಕ್ಕಳು ಹತ್ತುವುದು ಎಂದರೆ ಓಡುವುದು. ಇಡೀ ಮೆಟ್ಟಿಲನ್ನು ಶೆಡ್ಡಿನಲ್ಲೇ ಮಗುಚಿ ಮಲಗಿಸಿ ಕಟ್ಟಿದರು. ಹಲಗೆಯ ಎರಡು ತುದಿಗೂ ಪಕ್ಕದ ತೊಲೆಯ ಕಚ್ಚಿನಲ್ಲಿ ಒಂದೊಂದು ಬೆಣೆ. ಬೆಣೆಗೆ ಅಂಟು ಸವರಿ, ಕೊಡತಿಯಲ್ಲಿ ಬಡಿದು ಕೂರಿಸಿ, ಪೆನ್ಸಿಲಿನಲ್ಲಿ ಒಂದು ಗೀಟು ಹಾಕಿದರೆ ಆ ಬೆಣೆ ಮುಗಿದಂತೆ. ಕೂತು ಮಾಡುವ ಕೆಲಸವಾದ್ದರಿಂದ ಇಪ್ಪತ್ತಾರು ಬೆಣೆಯನ್ನೂ ಮೆಟ್ಟಿಲಕ್ಕನೇ ಕೂರಿಸಿದಳು. ತಮ್ಮನಿಗೆ ಮುಟ್ಟಲೂ ಬಿಡಲಿಲ್ಲ.

ಐದನೆಯ ತಿಂಗಳು ತುಂಬಿದ ವಾರ ಮೆಟ್ಟಿಲು ಜಾಗಕ್ಕೆ ಕೂತಿತು. ಸೋಮವಾರ ತರಗತಿ ಶುರು, ಅವತ್ತು ಶನಿವಾರ. ಮೇಡಂ ಕೆಳಗೆ ಕೈಕಟ್ಟಿ ನಿಂತಿದ್ದರು. ಮೆಟ್ಟಿಲಕ್ಕ ಚಪ್ಪಲಿ ಬಿಟ್ಟಳು. ಜುಟ್ಟು ಬಿಗಿದಳು. ತಮ್ಮ ಹತ್ತಿರ ಬಂದು ಮೆಲ್ಲಗೆ ಹೇಳಿದ.

"ಅಕ್ಕ, ಬೇಡ."

"ಸುಮ್ನಿರೋ. ಮಂಡಿ ನನ್ನದು, ನನಗೆ ಗೊತ್ತಿಲ್ವಾ?"

ಹತ್ತಿ ತುದಿಯಲ್ಲಿ ನಿಂತಳು. ಮಂಡಿ ಮಡಚಿ ನೋಡಿದಳು. ನೋವಿಲ್ಲ, ಊತವಿಲ್ಲ, ಒಂದು ಚೂರು ಬಿಗಿತವೂ ಇಲ್ಲ. ಎರಡೂ ಕಾಲು ಜೋಡಿಸಿದಳು. ಏನೂ ಆಗಿಯೇ ಇಲ್ಲವೇನೋ ಎಂಬಷ್ಟು ಸರಿಯಾಗಿತ್ತು ಮಂಡಿ, ಅದೇ ಆಕೆಯನ್ನು ತಡೆಯಿತು. ಬೆರಳಿಗೆ ಒಣಗಿದ ಹಾಗೆ ಸಿಗುವ ಅಂಟನ್ನು ಆಕೆ ಜೀವನದಲ್ಲಿ ಒಂದು ಸಲವೂ ನಂಬಿದವಳಲ್ಲ. ಈಗ ನಂಬಿದರೆ ತಮ್ಮನ ಕೈಮೇಲೆ ಹೊಡೆದದ್ದೆಲ್ಲ ಸುಳ್ಳಾಗುತ್ತದೆ. ಎಷ್ಟೋ ಹೊತ್ತು ಹಾಗೇ ನಿಂತಳು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಆಮೇಲೆ ರೇಲಿಂಗ್ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಕೆಳಗೆ ಬಂದಳು.

"ಹತ್ತು," ಎಂದಳು ತಮ್ಮನಿಗೆ. "ನೀನು ಹಾರು. ನಾನು ಅಡಿಯಲ್ಲಿ ಕೂತು ಕೇಳಿಸ್ಕೋತೀನಿ."

"ನಾನಾ?"

"ಇಲ್ಲಿ ಇನ್ಯಾರಿದಾರೆ? ಮೇಡಂ ಹಾರಬೇಕಾ?"

ತಮ್ಮ ಚಪ್ಪಲಿ ಬಿಟ್ಟು ತುದಿಗೆ ಹತ್ತಿದ. ಮೆಟ್ಟಿಲಕ್ಕ ಅಡಿಯಲ್ಲಿ ಸ್ಟೂಲ್ ಹಾಕಿಸಿಕೊಂಡು ಕತ್ತೆತ್ತಿ ಕೂತಳು. ಮೊದಲ ಸಲ ಹಾರಿದ್ದು ಹೂವಿನ ಮೇಲೆ ಕಾಲಿಟ್ಟ ಹಾಗಿತ್ತು.

"ಮೆಟ್ಟಿಲನ್ನ ತಟ್ಟಿ ಮಲಗಿಸ್ತಿದೀಯೇನೋ? ಮೈ ಭಾರ ಪೂರ್ತಿ ಬಿಡು!"

ಎರಡನೆಯದು ಸರಿಯಾಗಿ ಬಿತ್ತು. ಮೂರು, ನಾಲ್ಕು. ಹಲಗೆಗಳು ಒಂದೇ ದನಿಯಲ್ಲಿ ಧಪ್ ಎನ್ನುತ್ತಿದ್ದವು. ಆಕೆಯ ಮುಖ ಅರಳಿತು. ಐದನೆಯದಕ್ಕೆ ಬಂದು ತಮ್ಮ ನಿಂತ. ಅದರ ಮೇಲೆಯೇ ಇನ್ನೊಂದು ಸಲ ಹಾರಿದ.

"ಅಕ್ಕ, ಇದು ಸರಿಯಿಲ್ಲ."

"ಸದ್ದು ಬಂದಿಲ್ವಲ್ಲೋ."

"ಸದ್ದಿಲ್ಲ. ಹಿಮ್ಮಡಿಗೆ ಸಿಗ್ತಿದೆ. ಎಡಗಡೆ ಒಂದು ಕೂದಲಿನಷ್ಟು ಕೂತು ಏಳ್ತಿದೆ."

ಮೆಟ್ಟಿಲಕ್ಕ ಕಿವಿ ಹಚ್ಚಿ ಇನ್ನೆರಡು ಸಲ ಹಾರಿಸಿದಳು. ಕೊಡತಿಯಲ್ಲಿ ತಟ್ಟಿದಳು. ಏನೂ ಇಲ್ಲ. ಏನೂ ಇಲ್ಲ ಬಾರೋ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಮೇಡಂ ಗಡಿಯಾರ ನೋಡುತ್ತಿದ್ದರು. ಇಪ್ಪತ್ತು ವರ್ಷ ಯಾವ ಕಾಲಿಗೆ ಕಿವಿಯಿಲ್ಲ ಎಂದಿದ್ದಳೋ ಆ ಕಾಲು ಮೇಲೆ ನಿಂತು ಕಾಯುತ್ತಿತ್ತು. ತನ್ನ ಬದಲು ಅವನನ್ನು ಹಾರಿಸಿದ ಮೇಲೆ ಆ ಕಾಲನ್ನು ನಂಬಬೇಕು. ಇಲ್ಲವೇ ಹಾರಿಸಿದ್ದೇ ನಾಟಕ.

"ಇಳಿದು ಬಾ. ಬಿಚ್ಚು," ಎಂದಳು.

ತಮ್ಮ ಅಡಿಗೆ ಬಂದು ಎಡಗಡೆಯ ಬೆಣೆಗೆ ಉಳಿ ಇಟ್ಟ. ಅಂಟು ಹಾಕಿದ ಬೆಣೆಯನ್ನು ಕಚ್ಚಿನಿಂದ ಚೂರು ಚೂರಾಗಿ ಕೆತ್ತಿ ತೆಗೆಯಬೇಕಾಗುತ್ತದೆ. ಇದು ಎರಡೇ ಏಟಿಗೆ ಪಿಟಕ್ ಎಂದು ಅವನ ಅಂಗೈಗೆ ಬಿತ್ತು. ಒಣ ಬೆಣೆ. ಅಂಟಿನ ಒಂದು ಕಲೆಯೂ ಇಲ್ಲ. ಅದರ ಮೇಲೆ ಮಾತ್ರ ಮೊಂಡು ಪೆನ್ಸಿಲಿನ ಗೀಟು ದಪ್ಪಗೆ ಕೂತಿತ್ತು.

ಮೆಟ್ಟಿಲಕ್ಕನಿಗೆ ನೆನಪಾಯಿತು. ಆ ಬೆಣೆ ಕೈಯಲ್ಲಿದ್ದಾಗ ಫೋನ್ ಬಂದಿತ್ತು. ಫಿಸಿಯೊ ಹುಡುಗಿ, ಇವತ್ತಿನದು ಆಯ್ತಾ ಎಂದು ಕೇಳಿದ್ದಳು. ಆಯ್ತು ಎಂದು ಸುಳ್ಳು ಹೇಳಿ, ಅದೇ ಕೈಯಲ್ಲಿ ಬೆಣೆ ಬಡಿದು ಗೀಟೆಳೆದಿದ್ದಳು. ಇವತ್ತು ಗಟ್ಟಿಯಾಗಿದ್ದರೂ ಮಕ್ಕಳು ಓಡಾಡಿ ಓಡಾಡಿ ಎರಡು ತಿಂಗಳಲ್ಲಿ ಅದು ಸಡಿಲಾಗುತ್ತಿತ್ತು. ಆಮೇಲೆ ಯಾವ ಮಗುವಿನ ಕಾಲಡಿಯಲ್ಲಿ ಹಲಗೆ ಜಾರುತ್ತಿತ್ತೋ. ನಾಚಿಕೆಯಿಂದ ಆಕೆಯ ಮೈಯೆಲ್ಲ ಬಿಸಿಯಾಯಿತು.

"ಏನಾಯ್ತು? ಏನಾದ್ರೂ ತಪ್ಪಾಗಿದೆಯಾ?" ಎಂದು ಮೇಡಂ ಆಚೆಯಿಂದ ಕೇಳಿದರು.

ತಮ್ಮ ಬೆಣೆಯನ್ನು ಮಗುಚಿ ಹಿಡಿದ. ಮೇಡಂ ಬಗ್ಗಿ ನೋಡುವಷ್ಟರಲ್ಲಿ ಹೆಬ್ಬೆರಳನ್ನು ನಾಲಿಗೆಗೆ ಒತ್ತಿಕೊಂಡು ಬೆಣೆಯ ಮೇಲಿನ ಗೀಟನ್ನು ಉಜ್ಜಿ ಅಳಿಸಿಬಿಟ್ಟ. ಅಕ್ಕನ ಕಡೆ ನೋಡಲಿಲ್ಲ. ಸುಮ್ಮನೆ ಅಂಟಿನ ಡಬ್ಬಿಗೆ ಕೈಹಾಕಿದ.

ಮೆಟ್ಟಿಲಕ್ಕ ಆ ಬೆಣೆಯನ್ನು ಅವನ ಕೈಯಿಂದ ತೆಗೆದುಕೊಂಡು, ಹೊರಗೆ ಬಂದು, ಮೇಡಂ ಕಣ್ಣ ಮುಂದೆ ಹಿಡಿದಳು.

"ಇದಕ್ಕೆ ಅಂಟು ಹಾಕೋದು ಬಿಟ್ಟುಹೋಗಿದೆ ಮೇಡಂ. ಬಿಟ್ಟೋಳು ನಾನು. ಹಿಡಿದೋನು ಇವನು. ನನ್ನ ಕಿವಿಗೂ ಸಿಕ್ಕಿರಲಿಲ್ಲ."

ಮೇಡಂ ಬೆಣೆಯನ್ನು ನೋಡಿದರು, ಅಕ್ಕನನ್ನು ನೋಡಿದರು. "ಸೋಮವಾರ?" ಎಂದರು.

"ಭಾನುವಾರ ಬಂದು ಇನ್ನೊಂದು ಸಲ ಹಾರಿ ನೋಡ್ತಾನೆ. ಅವನು ಹೂಂ ಅಂದ್ರೆ ಸೋಮವಾರ."

ಮೆಟ್ಟಿಲ ಅಡಿಯಲ್ಲಿ ತಮ್ಮ ಆಗಲೇ ಹೊಸ ಬೆಣೆ ಕೆತ್ತಲು ಕೂತಿದ್ದ. ಮುಖ ಕೆಳಗೆ ಹಾಕಿದ್ದ, ಕಿವಿ ಮಾತ್ರ ಕೆಂಪಾಗಿತ್ತು. ಮೆಟ್ಟಿಲಕ್ಕ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತು ಅಂಟು ಸವರಿಕೊಟ್ಟಳು. ಅವನು ಬಡಿದು ಕೂರಿಸಿದ. ಗೀಟು ಹಾಕಲಿ ಎಂದು ಆಕೆಯ ಮುಖ ನೋಡಿದ.

ಆಕೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅವನ ಕೈಗೆ ಕೊಟ್ಟಳು.

"ನೀನೇ ಹಾಕು," ಎಂದಳು. "ಹಾಕಿ ಮೇಲೆ ಹೋಗು, ಇದನ್ನೊಂದು ಮೆಟ್ಟಬೇಡ. ಇನ್ನೂ ಎಂಟು ಮೆಟ್ಟಿಲು ಬಾಕಿ ಇದೆ."